ಬಾವಿಲ್ಲಂತ ಕ್ಲಾಸಿಗೆ ವಾಪಸ್ ಕಳಸಬ್ಯಾಡ್ರಿ

ಸಿಸ್ಟರ್, ನಿಮ್ಮ ಶಾಲ್ಯಾಗ ಕಬಡ್ಡಿ ಆಡಕೋತ ಅಂಗೈ ಊರಿ ಬಿದ್ದ ಆರನೇ ಇಯತ್ತೆ ಹುಡುಗನ ಬಗ್ಗೆ ನೀವು ಹಾಕಿದ ಪೋಸ್ಟ್ ಓದಿದೆ. "ಮಣಿಕಟ್ಟು ಬಾತಿಲ್ಲ, ಬೆರಳು ಆಡಸ್ತಾನ, ಆಯೋಡೆಕ್ಸ್ ತಿಕ್ಕಿ ಕ್ರೇಪ್ ಸುತ್ತಿ ಕ್ಲಾಸಿಗೆ ಕಳಿಸೀನಿ" ಅಂತ ಬರದೀರಿ. ಇದ ತಪ್ಪು ನಾನೂ ಮಾಡೀನಿ, ಅದಕ್ಕ ಇಷ್ಟುದ್ದ ಬರಿಯಾಕತ್ತೀನಿ. ಮೊದಲ ಅವನ್ನ ವಾಪಸ್ ಕರಸಿ ಪಟ್ಟಿ ಬಿಚ್ಚಿ ನೋಡ್ರಿ.

ಬಾವು ನೋಡಿ ತೀರ್ಮಾನ ಮಾಡೂದು ದೊಡ್ಡವರಿಗೇ ಪೂರ್ತಿ ನಂಬಿಕಿಂದಲ್ಲ, ಹುಡುಗೂರಿಗಂತೂ ಬ್ಯಾಡೇ ಬ್ಯಾಡ. ಅವರ ಎಲುಬು ಹಸಿ ಕಟಗಿ ಇದ್ದಂಗ, ಪೂರ್ತಿ ಮುರಿಯೂದಿಲ್ಲ, ಒಂದು ಬಾಜೂ ಮಡಚಿ ಉಬ್ಬತೈತಿ. ಬಾವು ಅಷ್ಟಕ್ಕಷ್ಟೇ ಇರ್ತೈತಿ, ಬೆರಳೂ ಆಡ್ತಾವು. ಇನ್ನೊಂದು, ಬೆಳಿಯೋ ಹುಡುಗೂರಾಗ ಎಲುಬಿನ ತುದಿಯ ಬೆಳವಣಿಗಿ ಪಟ್ಟಿಗಿಂತ (ಎಲುಬು ಉದ್ದ ಬೆಳಿಯೋ ಮೆತ್ತನ ಜಾಗಾ) ಕೀಲಿನ ನಾರೇ ಗಟ್ಟಿ. ದೊಡ್ಡವರಿಗೆ ಉಳುಕಾಗೋ ಪೆಟ್ಟಿಗೆ ಇವರಿಗೆ ಆ ಪಟ್ಟೀನ ಸರೀಬಹುದು.

ನಾನು ಮಾಡೂದು ಒಂದ ಬೆರಳಿನ ಪರೀಕ್ಷೆ. ಹುಡುಗನ್ನ ಕುಂದರಸಿ, ಟೇಬಲ್ ಮ್ಯಾಲ ದಿಂಬಿಟ್ಟು ಎರಡೂ ಮುಂಗೈ ಇಡಸ್ರಿ. ಮೊದಲ ಚೊಲೋ ಕೈ ಒತ್ತಿ ತೋರಸ್ರಿ, ಒತ್ತಿದ್ರ ಹೆಂಗನಸ್ತೈತಿ ಅಂತ ಅವಗ ತಿಳೀಲಿ. ಆಮ್ಯಾಲ ಪೆಟ್ಟಾದ ಕೈ, ಮೊಣಕೈಯಿಂದ ಕೆಳಗ ಒಂದೊಂದು ಸೆಂಟಿಮೀಟರ್ ಸರಕೋತ, ತೋರಬೆರಳಿನ ತುದೀಲೆ ಎಲುಬಿನ ಗುಂಟ ಮಾತ್ರ ಒತ್ತಕೋತ ಬರ್ರಿ. ಅಂವ ತೋರಸಿದ ಜಾಗಾ ಕಡೀಕ್ಕ. ಮಧ್ಯಾಹ್ನ ಊಟಕ್ಕ ಏನಿತ್ತು ಅಂತ ಮಾತಾಡಸಕೋತ ಒತ್ರಿ, ಕಣ್ಣು ಕೈ ಮ್ಯಾಲ ಇಡಬ್ಯಾಡ್ರಿ, ಮಾರಿ ಮ್ಯಾಲ ಇಡ್ರಿ. ಮಾತು ಎಲ್ಲಿ ನಿಲ್ತೈತಿ ಅಲ್ಲೇ ಬ್ಯಾನಿ. ಐದು ನಿಮಿಷ ಬಿಟ್ಟು ಮತ್ತ ಒತ್ರಿ. ಎಲುಬಿನ ಮ್ಯಾಲ ಅದೇ ಜಾಗಾದಾಗ ಎರಡೂ ಸಲ ಮಾರಿ ಕಿವಿಚಿದ್ರ ಅವತ್ತ ಎಕ್ಸ್‌ರೇ, ಮರುದಿನಕ್ಕ ಬಿಡಬ್ಯಾಡ್ರಿ. ಹೆಬ್ಬೆರಳು ಮ್ಯಾಲೆತ್ತಿದಾಗ ಅದರ ಬುಡದಾಗ ಹುರಿಯಂಗ ಎದ್ದು ಕಾಣೋ ಎರಡು ಸ್ನಾಯುರಜ್ಜುಗಳ ನಡುವಿನ ಕುಣಿ ಮರೀಬ್ಯಾಡ್ರಿ. ಅಲ್ಲಿ ಬ್ಯಾನಿ ಇದ್ದು ಮೊದಲನೇ ಎಕ್ಸ್‌ರೇ ಸ್ವಚ್ಛ ಬಂದ್ರೂ ಕಟ್ಟು ಹಾಕಿ 10ರಿಂದ 14 ದಿನಕ್ಕ ಇನ್ನೊಮ್ಮೆ ತಗಸಬೇಕಾಗತೈತಿ. ಮೊಣಕೈ ಪೂರ್ತಿ ನೀಟ ಮಾಡಾಕ ಬರ್ಲಿಲ್ಲಂದ್ರ, ಅಂಗೈ ಮ್ಯಾಲ ತಿರುವಿದ್ರ ಒದರಿದ್ರ, ಅದೂ ಎಕ್ಸ್‌ರೇನ.

ಆದ್ರ ಕೈ ಸೊಟ್ಟಾಗಿದ್ರ, ಬೆರಳು ಬೆಳ್ಳಗ ತಣ್ಣಗ ಆಗಿದ್ರ, ಜುಮ್ ಅಂದ್ರ, ಎಲುಬಿನ ಮ್ಯಾಲ ಗಾಯ ಬಾಯಿ ಬಿಟ್ಟಿದ್ರ ಈ ಪರೀಕ್ಷೆ ಬ್ಯಾಡ. ಇದ್ದಂಗ ಆಧಾರ ಕೊಟ್ಟು 108ಕ್ಕ ಫೋನ್ ಮಾಡ್ರಿ. ತಿನ್ನಾಕ ಕುಡ್ಯಾಕ ಏನೂ ಕೊಡಬ್ಯಾಡ್ರಿ, ಅರವಳಿಕಿ ಕೊಡೋದು ಬರಬಹುದು.

ಆಯೋಡೆಕ್ಸ್ ವಿಚಾರ. ಮೊದಲ 48 ತಾಸು ತಿಕ್ಕೂದು, ಬಿಸಿ ಶಾಖ ಎರಡೂ ಬ್ಯಾಡ, ಒಳಗಿನ ರಕ್ತ, ಬಾವು ಹೆಚ್ಚಾಗತೈತಿ. ವೊಲಿನಿನೂ ತರಚಿದ ಚರ್ಮದ ಮ್ಯಾಲ ಹೊಡೀಬ್ಯಾಡ್ರಿ. ತಂಪ ಸಾಕು. ನಂದಿನಿ ಹಾಲಿನ ಖಾಲಿ ಪಾಕೀಟು ತೊಳದು ಮುಕ್ಕಾಲು ನೀರು ಹಾಕಿ, ಬಾಯಿ ಗಟ್ಟಿ ಬಿಗದು ಫ್ರೀಜರ್‌ನ್ಯಾಗ ನಾಲ್ಕೈದು ಇಟ್ಟಿರ್ರಿ. ಪೂರ್ತಿ ತುಂಬಿದ್ರ ಒಡೀತಾವು. ಹಸಿ ಅರಬಿ ಸುತ್ತಿ 10ರಿಂದ 15 ನಿಮಿಷ, ಬರೇ ಚರ್ಮಕ್ಕ ಬ್ಯಾಡ.

ಕ್ರೇಪ್‌ನ ಬೆರಳಿನ ಕಡೆಯಿಂದ ಸುರು ಮಾಡಿ ಮ್ಯಾಲ ಹೋಗ್ರಿ, ಪ್ರತಿ ಸುತ್ತು ಹಿಂದಿನದರ ಅರ್ಧದ ಮ್ಯಾಲ ಬರಲಿ. ಉಗುರು ಒತ್ತಿ ಬಿಟ್ರ 2 ಸೆಕೆಂಡಿನಾಗ ಕೆಂಪಾಗಬೇಕು, ಇಲ್ಲಂದ್ರ ಬಿಚ್ರಿ. ಎಲುಬಿನ ಸಂಶಯ ಇದ್ದಾಗ ಬರೇ ಕ್ರೇಪ್ ಬಿಗಿಯೂದು ಎಲ್ಲಕ್ಕಿಂತ ಕೆಟ್ಟದ್ದು. ನಾಲ್ಕೈದು ದಿನದ ಹಳೇ ಪೇಪರ್ ದಪ್ಪಗ ಮಡಚಿ, ಮೊಣಕೈ ಕೆಳಗಿನಿಂದ ಬೆರಳಿನ ಬುಡದ ತನಕ ಡೋಣಿಯಂಗ ಇಟ್ಟು ಸಡಿಲ ಕಟ್ಟಿ, ಹುಡುಗ್ಯಾರ ಸಮವಸ್ತ್ರದ ವೇಲಿನಿಂದ ಕೊರಳಿಗೆ ತೂಗಹಾಕ್ರಿ. ವಾರ್ಡನ್ನೋ ಪಾಲಕರೋ ಉಳುಕು ತೆಗೆಯೋರ ಕಡೆ ಒಯ್ತೀನಂದ್ರ ಬಿಡಬ್ಯಾಡ್ರಿ. ಎಳದು ತಿರುವಿದ್ರ ಮಡಚಿದ ಎಲುಬು ಪೂರ್ತಿ ಮುರೀಬಹುದು. ಸರಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇರ್ಲಿ, ಜಿಲ್ಲಾ ಆಸ್ಪತ್ರೆ ಇರ್ಲಿ, ಚೀಟಿ ಬರದು ಅಲ್ಲಿಗೇ ಕಳಸ್ರಿ.

ಹಿಮ್ಮಡ ಗಿಣ್ಣಿಗೂ ಇದೇ ರೀತಿ. ನಾಲ್ಕು ಹೆಜ್ಜಿ ನಡಸ್ರಿ, ಕುಂಟಿದ್ರೂ ಅಡ್ಡಿ ಇಲ್ಲ, ಭಾರ ಹಾಕಬೇಕು. ಪೆಟ್ಟಾದ ಕಾಲಿನ ಒಳಗಿಂದು, ಹೊರಗಿಂದು ಎರಡೂ ಗಿಣ್ಣಿನ ಹಿಂದಿನ ಅಂಚು ತುದಿಯಿಂದ ಮ್ಯಾಲ 6 ಸೆಂಟಿಮೀಟರ್ ತನಕ, ಪಾದದ ಹೊರ ಅಂಚಿನಾಗ ನಡುವ ಉಬ್ಬಿದ ಎಲುಬು, ಒಳ ಅಂಚಿನಾಗ ಗಿಣ್ಣಿನ ಮುಂದಿನ ಎಲುಬು ಒತ್ರಿ. ನಡದು, ಎಲ್ಲೂ ಬ್ಯಾನಿ ಇಲ್ಲಂದ್ರ ಶಾಲ್ಯಾಗ ಇಟ್ಕೋಬಹುದು. ಐದು ವರ್ಷದೊಳಗಿನವರಿಗೆ ಇದನ್ನ ನಂಬಬ್ಯಾಡ್ರಿ.

ಇಟ್ಕೊಂಡ್ರೂ 20 ನಿಮಿಷಕ್ಕೊಮ್ಮೆ, ಕಡೀ ಗಂಟಿ ಮುಂಚೆ ಒಮ್ಮೆ ನೋಡಬೇಕು. ತಾಲೂಕು ಕ್ರೀಡಾಕೂಟದ ಟೈಮಿನಾಗ ಆಟ ತಪ್ಪತೈತಂತ ಬ್ಯಾನಿ ಮುಚ್ಚತಾರ. ಆಗ ಪಿಟಿ ಮಾಸ್ತರ್ ಮಾತಿಗೆ ಸಡಿಲ ಆಗಬ್ಯಾಡ್ರಿ, ತಲಿಗೆ ಪೆಟ್ಟು ಬಿದ್ದಾವಂತೂ ಅವತ್ತು ಮೈದಾನಕ್ಕ ಇಳೀಬಾರದು.

ಗರಸಿನ ಮ್ಯಾಲ ಬಿದ್ದು ತರಚಿದ ಮೊಣಕಾಲಿಗೆ ಸೀದಾ ಡೆಟಾಲ್ ಸುರುವೂದು ಬಿಡ್ರಿ. ನಳದ ನೀರು ಐದು ನಿಮಿಷ ಹರಿಸಿ ಹಸಿ ಗಾಜ್ ಬಟ್ಟಿಯಿಂದ (ಗಾಯಕ್ಕ ಕಟ್ಟೋ ತೆಳು ಬಟ್ಟಿ) ಹಳ್ಳು ತಗೀರಿ, ಉಳದ್ರ ಚರ್ಮದೊಳಗ ಕರೇ ಕಲಿ ಆಗಿ ಕುಂದರತೈತಿ. ಹತ್ತಿ ಬ್ಯಾಡ, ಎಳಿ ಅಂಟತೈತಿ. ಟಿಟಿಗೆ (ಧನುರ್ವಾಯು ಚುಚ್ಚುಮದ್ದು) ಓಡಿಸೋ ಮುಂಚೆ ಲಸಿಕಿ ಕಾರ್ಡ್ ನೋಡ್ರಿ, 10 ಮತ್ತು 16 ವರ್ಷಕ್ಕ ಟಿಡಿ (ಧನುರ್ವಾಯು, ಗಂಟಲಮಾರಿ ಎರಡಕ್ಕೂ ಒಂದ ಲಸಿಕಿ) ಆಗಿರಬೇಕು.

ಕಡೀಕ್ಕ, ಗಣಿತದ ಪಿರಿಯಡ್‌ಗೇ ಹೊಟ್ಟಿಬ್ಯಾನಿ ಅಂತ ಬರಾವನ್ನ ಸುಳ್ಳಾ ಅನಬ್ಯಾಡ್ರಿ. ರಿಜಿಸ್ಟರ್‌ನ್ಯಾಗ ಪಿರಿಯಡ್ಡಿಗೂ ಒಂದು ಕಾಲಮ್ ಹಾಕ್ರಿ, ತಿಂಗಳದಾಗ ಮೂರು ಸಲ ಬಂದ್ರ ಒಬ್ಬನ್ನೇ ಕುಂದರಸಿ ಕೇಳ್ರಿ. ಗಂಡಹುಡುಗ ಒಮ್ಮಿಂದೊಮ್ಮೆಲೆ ಕೆಳಹೊಟ್ಟಿ ಬ್ಯಾನಿ, ವಾಂತಿ ಅಂದ್ರ ಬಾಗಲ ಮುಂದ ಮಾಡಿ, ವೃಷಣದಾಗ ಬ್ಯಾನಿ ಐತೇನು ಅಂತ ಸೀದಾ ಕೇಳ್ರಿ. ನಾಚಿಕಿಗೆ ಹೊಟ್ಟಿ ಅಂದಿರ್ತಾನ. ತಿರುವಿಕೊಂಡಿದ್ರ ಉಳಿಸಾಕ ಸುಮಾರು 6 ತಾಸು ಅಷ್ಟ, ಶಾಲಿ ಬಿಡೋ ತನಕ ಕಾಯಬ್ಯಾಡ್ರಿ.