ನೆರೆಯೂ ಬರವೂ ಒಂದೇ ನದಿಯಲ್ಲಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಸಿಹಿನೀರಿನ ರಕ್ಷಣೆ, ನೆರೆ ಮತ್ತು ಬದಲಾಗುತ್ತಿರುವ ಹವಾಮಾನವನ್ನು ಕುರಿತು ಓದುಗರು ಕಳುಹಿಸಿರುವ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇವೆ. ಒಂದೇ ವಿಷಯವನ್ನು ಕೇಳಿದ ಪತ್ರಗಳನ್ನು ಒಟ್ಟುಗೂಡಿಸಿ ಒಂದೇ ಪ್ರಶ್ನೆಯಾಗಿ ಕೊಟ್ಟಿದ್ದೇವೆ.

ಪ್ರಶ್ನೆ: ಮಳೆಗಾಲದಲ್ಲಿ ಮುಳುಗುವ ಊರಿನಲ್ಲಿಯೇ ಕೆಲವು ತಿಂಗಳ ಬಳಿಕ ಕುಡಿಯುವ ನೀರಿಗೆ ತತ್ವಾರವಾಗುತ್ತದೆ. ಭೂಮಿ ಬಿಸಿಯಾಗುವುದರಿಂದ ಇವೆರಡೂ ಹೇಗೆ ಉಂಟಾಗಲು ಸಾಧ್ಯ?

ಉತ್ತರ: ಗಾಳಿಯ ಉಷ್ಣತೆ 1 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದರೆ ಅದರಲ್ಲಿ ಇರಬಹುದಾದ ನೀರಾವಿಯ ಗರಿಷ್ಠ ಪ್ರಮಾಣ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಎರಡೂ ತೊಂದರೆಗಳ ಮೂಲ ಇದೇ ನಿಯಮದಲ್ಲಿದೆ. ಮಳೆ ಬರುವಾಗ ಸುರಿಯಲು ಹೆಚ್ಚು ನೀರಿರುವುದರಿಂದ ಮಳೆಯ ಬಿರುಸು ಹೆಚ್ಚುತ್ತದೆ. ಮಳೆಯಿಲ್ಲದ ದಿನಗಳಲ್ಲಿ ಅದೇ ಬಿಸಿಗಾಳಿ ಮಣ್ಣು, ಕೆರೆ ಮತ್ತು ಗಿಡಮರಗಳಿಂದ ಹೆಚ್ಚು ತೇವವನ್ನು ಎಳೆದುಕೊಳ್ಳುತ್ತದೆ. ವರ್ಷದ ಒಟ್ಟು ಮಳೆಯಲ್ಲಿ ಏನೂ ವ್ಯತ್ಯಾಸವಾಗದಿದ್ದರೂ, ಮೂವತ್ತು ದಿನ ಹದವಾಗಿ ಬೀಳಬೇಕಾದದ್ದು ಹತ್ತೇ ದಿನಗಳಲ್ಲಿ ಸುರಿದುಹೋದರೆ ಮಣ್ಣಿಗೆ ಅದನ್ನು ಇಂಗಿಸಿಕೊಳ್ಳಲು ಬಿಡುವು ಸಿಗುವುದಿಲ್ಲ. ನೀರು ನೆಲದ ಮೇಲೆಯೇ ಓಡಿ ನದಿಯನ್ನು ಉಕ್ಕಿಸುತ್ತದೆ, ಅಂತರ್ಜಲವಾಗಬೇಕಾದ ಪಾಲು ಸಮುದ್ರಕ್ಕೆ ಹೋಗುತ್ತದೆ.

ಈ ನಷ್ಟ ಸಣ್ಣದಲ್ಲ. ಭೂಮಿಯ ಮೇಲಿನ ನೀರಿನಲ್ಲಿ ಸಿಹಿನೀರು ಸುಮಾರು ಶೇ 2.5 ಮಾತ್ರ. ಅದರಲ್ಲಿಯೂ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಹಿಮದ ರೂಪದಲ್ಲಿದೆ, ಉಳಿದದ್ದರಲ್ಲಿ ಬಹುಪಾಲು ಅಂತರ್ಜಲವೇ. ಆದರೆ ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟುವುದು ನ್ಯಾಯವಲ್ಲ. ಕಾಡು ಕಡಿದ ಗುಡ್ಡ, ಮುಚ್ಚಿಹೋದ ಜೌಗು ನೆಲ, ಕಾಂಕ್ರೀಟು ಹಾಸಿದ ಬಯಲು ಇವು ಇದೇ ಕೆಲಸವನ್ನು ಉಷ್ಣತೆ ಏರುವುದಕ್ಕೆ ಮೊದಲೇ ಆರಂಭಿಸಿದ್ದವು.

ಪ್ರಶ್ನೆ: ‘ನೂರು ವರ್ಷಕ್ಕೊಮ್ಮೆ ಬರುವ ನೆರೆ’ ಎಂದು ಅಧಿಕಾರಿಗಳು ಹೇಳಿದ್ದು ಹತ್ತು ವರ್ಷಗಳೊಳಗೆ ಎರಡು ಸಲ ಬಂದಿದೆ. ಈ ಲೆಕ್ಕವನ್ನು ನಂಬುವುದು ಹೇಗೆ?

ಉತ್ತರ: ಯಾವುದೇ ಒಂದು ವರ್ಷದಲ್ಲಿ ಅಷ್ಟು ದೊಡ್ಡ ನೆರೆ ಬರುವ ಸಾಧ್ಯತೆ ಶೇ 1 ಎಂಬುದಷ್ಟೇ ಆ ಮಾತಿನ ಅರ್ಥ, ಒಮ್ಮೆ ಬಂದರೆ ಮುಂದಿನ ತೊಂಬತ್ತೊಂಬತ್ತು ವರ್ಷ ನಿಶ್ಚಿಂತೆ ಎಂದಲ್ಲ. ದಾಳದಲ್ಲಿ ಒಮ್ಮೆ ಆರು ಬಿದ್ದ ಮಾತ್ರಕ್ಕೆ ಮುಂದಿನ ಎಸೆತದಲ್ಲಿ ಆರು ಬೀಳುವ ಸಾಧ್ಯತೆ ಕುಗ್ಗುವುದಿಲ್ಲವಲ್ಲ. ಮೂವತ್ತು ವರ್ಷ ಒಂದೇ ಮನೆಯಲ್ಲಿ ಇರುವವರು ಇಂಥ ನೆರೆಯನ್ನು ಒಮ್ಮೆಯಾದರೂ ಕಾಣುವ ಸಾಧ್ಯತೆ ಸುಮಾರು ಶೇ 26. ಸಾಲ ಮಾಡಿ ಮನೆ ಕಟ್ಟುವವರಿಗೆ ‘ನೂರು ವರ್ಷ’ ಎಂಬ ಮಾತಿಗಿಂತ ಈ ಅಂಕಿಯನ್ನೇ ತಿಳಿಸಬೇಕೆಂಬುದು ನಮ್ಮ ಅಭಿಪ್ರಾಯ.

ಆದರೂ ನಿಮ್ಮ ಅನುಮಾನದಲ್ಲಿ ಹುರುಳಿದೆ. ಲೆಕ್ಕ ಸರಿಯಾಗಿದ್ದರೆ ಒಂದೇ ಸ್ಥಳದಲ್ಲಿ ಹತ್ತು ವರ್ಷಗಳಲ್ಲಿ ಎರಡು ಸಲ ಅಂಥ ನೆರೆ ಬರುವ ಸಾಧ್ಯತೆ ಸಾವಿರಕ್ಕೆ ಸುಮಾರು ನಾಲ್ಕು. ಜಗತ್ತಿನಲ್ಲಿ ಸಾವಿರಾರು ನದಿಗಳಿರುವುದರಿಂದ ಎಲ್ಲೋ ಒಂದೆಡೆ ಹಾಗಾಗುವುದು ಸಹಜ. ಆದರೆ ಅನೇಕ ಕಡೆ ಹಾಗಾಗುತ್ತಿದ್ದರೆ ಅದೃಷ್ಟವನ್ನು ದೂರುವ ಬದಲು ಲೆಕ್ಕವನ್ನೇ ಸಂಶಯಿಸಬೇಕು. ಈ ಲೆಕ್ಕಗಳು ಹಳೆಯ ಅಳತೆಯ ದಾಖಲೆಗಳನ್ನು ಆಧರಿಸಿದವು, ಮುಂದಿನ ಮಳೆಯೂ ಹಿಂದಿನಂತೆಯೇ ಇರುತ್ತದೆ ಎಂಬ ಊಹೆಯ ಮೇಲೆ ನಿಂತವು. ಅನೇಕ ನದಿಗಳಲ್ಲಿ ಆ ದಾಖಲೆ ನೂರು ವರ್ಷದಷ್ಟು ಉದ್ದವೂ ಇರುವುದಿಲ್ಲ.

ಪ್ರಶ್ನೆ: ನದಿಯ ಎರಡೂ ದಡಗಳಲ್ಲಿ ಎತ್ತರದ ಒಡ್ಡು ಕಟ್ಟಿಬಿಟ್ಟರೆ ನೆರೆಯ ಕಾಟ ತಪ್ಪುವುದಿಲ್ಲವೇ? ನದಿಗೆ ಜಾಗ ಬಿಡಬೇಕೆಂಬ ಮಾತು ಕೇಳಲು ಚೆನ್ನಾಗಿದೆ, ಆದರೆ ಯಾರ ಜಾಗವನ್ನು ಬಿಡುವುದು?

ಉತ್ತರ: ಒಡ್ಡು ನೀರನ್ನು ಇಲ್ಲದಂತೆ ಮಾಡುವುದಿಲ್ಲ. ಬಯಲಿನಲ್ಲಿ ಅಗಲವಾಗಿ ಹರಡಿಕೊಳ್ಳಬೇಕಾದ ನೀರನ್ನು ಇಕ್ಕಟ್ಟಿಗೆ ಸಿಲುಕಿಸಿದಾಗ ಅದರ ಮಟ್ಟ ಏರುತ್ತದೆ, ಹರಿವಿನ ರಭಸ ಹೆಚ್ಚುತ್ತದೆ, ಅಪಾಯ ಕೆಳಗಿನ ಊರಿನ ಪಾಲಾಗುತ್ತದೆ. ಅಮೆರಿಕದಲ್ಲಿ ಮಿಸಿಸಿಪ್ಪಿ ನದಿಯನ್ನು ಒಡ್ಡುಗಳಿಂದಲೇ ಹದ್ದುಬಸ್ತಿನಲ್ಲಿಡಬಹುದೆಂದು ಸರ್ಕಾರಿ ಎಂಜಿನಿಯರುಗಳು ದಶಕಗಳ ಕಾಲ ಪಟ್ಟುಹಿಡಿದಿದ್ದರು. 1927ರಲ್ಲಿ ಆ ಒಡ್ಡುಗಳು ಹಲವಾರು ಕಡೆ ಒಡೆದು ಸುಮಾರು 70 ಸಾವಿರ ಚದರ ಕಿಲೋಮೀಟರ್ ನೆಲ ಮುಳುಗಿತು. ಮರುವರ್ಷವೇ ಬಂದ ಹೊಸ ಕಾನೂನಿನಡಿ, ಉಕ್ಕಿದ ನೀರನ್ನು ಬೇಕೆಂದೇ ಹೊರಗೆ ಬಿಡುವ ದಾರಿಗಳನ್ನು ನಿರ್ಮಿಸಲು ಆರಂಭಿಸಿದರು.

ಇನ್ನೊಂದು ಪರಿಣಾಮ ಕಣ್ಣಿಗೆ ಬೀಳುವುದು ತಡವಾಗಿ. ಒಡ್ಡು ಎದ್ದ ಕೂಡಲೇ ಅದರ ಹಿಂದಿನ ನೆಲ ಸುರಕ್ಷಿತವೆಂಬ ಧೈರ್ಯ ಹುಟ್ಟಿ, ಅಲ್ಲಿ ಮನೆ, ಕಾರ್ಖಾನೆ, ಆಸ್ಪತ್ರೆಗಳು ತಲೆಯೆತ್ತುತ್ತವೆ. ಸಣ್ಣ ನೆರೆಗಳು ನಿಲ್ಲುವುದು ನಿಜ. ಆದರೆ ಒಡ್ಡನ್ನೂ ಮೀರುವ ನೆರೆ ಬಂದ ದಿನ ಕಳೆದುಕೊಳ್ಳಬೇಕಾದದ್ದು ಮೊದಲಿಗಿಂತ ಎಷ್ಟೋ ಪಟ್ಟು ಹೆಚ್ಚಾಗಿರುತ್ತದೆ. ಅಮೆರಿಕದ ಭೂಗೋಳಶಾಸ್ತ್ರಜ್ಞ ಗಿಲ್ಬರ್ಟ್ ವೈಟ್ ಇದನ್ನು 1940ರ ದಶಕದಲ್ಲಿಯೇ ಎಚ್ಚರಿಸಿದ್ದರು.

‘ಯಾರ ಜಾಗ’ ಎಂಬ ನಿಮ್ಮ ಪ್ರಶ್ನೆಯನ್ನು ಸಾಮಾನ್ಯವಾಗಿ ಎಲ್ಲರೂ ಹಾರಿಸಿಬಿಡುತ್ತಾರೆ. ಅದನ್ನು ಎದುರಿಸಿದ ದೇಶ ನೆದರ್ಲೆಂಡ್ಸ್. 1993ರಲ್ಲಿಯೂ 1995ರಲ್ಲಿಯೂ ಅಲ್ಲಿನ ನದಿಗಳು ಒಡ್ಡಿನ ಅಂಚಿನವರೆಗೆ ಏರಿದವು, ಎರಡನೆಯ ಸಲ ಸುಮಾರು ಎರಡೂವರೆ ಲಕ್ಷ ಜನರನ್ನು ತೆರವುಗೊಳಿಸಬೇಕಾಯಿತು. ಶತಮಾನಗಳಿಂದ ಒಡ್ಡು ಎತ್ತರಿಸುವುದರಲ್ಲಿಯೇ ಪಳಗಿದ್ದ ಆ ದೇಶ ಆಮೇಲೆ ನದಿಗಳಿಗೆ ಜಾಗ ಬಿಟ್ಟುಕೊಡುವ ಯೋಜನೆಯನ್ನು ಕೈಗೆತ್ತಿಕೊಂಡು, ಮೂವತ್ತಕ್ಕೂ ಹೆಚ್ಚು ಕಡೆ ಒಡ್ಡನ್ನು ಹಿಂದಕ್ಕೆ ಸರಿಸಿತು, ನೆರೆಬಯಲನ್ನು ತಗ್ಗಿಸಿತು, ಪಕ್ಕದ ಕಾಲುವೆಗಳನ್ನು ತೋಡಿತು. ನೈಮೇಖನ್ ನಗರದ ಎದುರು ದಡದಲ್ಲಿ ಒಡ್ಡನ್ನು 350 ಮೀಟರ್ ಹಿಂದಕ್ಕೆ ಒಯ್ದುದರಿಂದ ದೊಡ್ಡ ನೆರೆಯ ಸಂದರ್ಭದಲ್ಲಿ ನೀರಿನ ಮಟ್ಟ ಸುಮಾರು 35 ಸೆಂಟಿಮೀಟರ್ ಇಳಿಯುತ್ತದೆ. ಇದಕ್ಕಾಗಿ ಅಲ್ಲಿ ಐವತ್ತರಷ್ಟು ಮನೆಗಳನ್ನು ಕೆಡವಬೇಕಾಯಿತು. ಓವರ್‌ಡೀಪ್ಸೆ ಪೋಲ್ಡರ್ ಎಂಬ, ಒಡ್ಡು ಸುತ್ತುವರಿದ ತಗ್ಗು ನೆಲದಲ್ಲಿ, ತಮ್ಮ ನೆಲಕ್ಕೆ ನೀರು ನುಗ್ಗಿಸುವ ಯೋಜನೆಯಿದೆಯೆಂದು ತಿಳಿದ ರೈತರು, ದಿಬ್ಬಗಳನ್ನು ಕಟ್ಟಿ ಅವುಗಳ ಮೇಲೆ ಮನೆ, ಕೊಟ್ಟಿಗೆಗಳನ್ನು ಹೊಸದಾಗಿ ನಿರ್ಮಿಸಿಕೊಡಿ ಎಂದು ತಾವೇ ಪ್ರತಿಯೋಜನೆಯನ್ನು ಮುಂದಿಟ್ಟರು, ಅದನ್ನೇ ಸರ್ಕಾರ ಒಪ್ಪಿಕೊಂಡಿತು. ಕೆಲವರು ಅಲ್ಲಿಯೇ ಉಳಿದರು, ಕೆಲವರು ಪರಿಹಾರ ಪಡೆದು ಬೇರೆಡೆಗೆ ಹೋದರು. ನದಿಗೆ ಜಾಗ ಬಿಡುವುದೆಂದರೆ ಯಾರದೋ ಮನೆ, ಯಾರದೋ ಹೊಲ ಹೋಗುವುದೆಂದೇ ಅರ್ಥ. ಅವರನ್ನು ಯೋಜನೆಯ ಮೊದಲ ಸಭೆಗೆ ಕರೆಯುವುದೂ ಅವರ ನಷ್ಟವನ್ನು ಪೂರ್ತಿ ತುಂಬಿಕೊಡುವುದೂ ಔದಾರ್ಯವಲ್ಲ, ಕಾಮಗಾರಿಯ ಖರ್ಚಿನಲ್ಲಿ ಸೇರಬೇಕಾದ ಬಾಬ್ತು.

ಒಡ್ಡುಗಳೇ ಬೇಡವೆಂದು ಇದರಿಂದ ಹೇಳಿದಂತಾಗುವುದಿಲ್ಲ. ಈಗಾಗಲೇ ಲಕ್ಷಾಂತರ ಜನ ನೆಲೆಸಿರುವ ನಗರಕ್ಕೆ ಒಡ್ಡು ಬೇಕೇ ಬೇಕು. ಇನ್ನೂ ಖಾಲಿಯಿರುವ ನೆರೆಬಯಲಿನಲ್ಲಿ ಬಡಾವಣೆಗೆ ಅನುಮತಿ ಕೊಟ್ಟು, ಬಳಿಕ ಅದನ್ನು ಕಾಯಲು ಒಡ್ಡು ಕಟ್ಟುವುದಕ್ಕೆ ಮಾತ್ರ ಸಮರ್ಥನೆ ಕಾಣುವುದಿಲ್ಲ.

ಪ್ರಶ್ನೆ: ಜಲಾಶಯವನ್ನು ತುಂಬಿಸಿಟ್ಟರೆ ನೆರೆಯ ಭಯ, ಖಾಲಿ ಮಾಡಿದರೆ ಬರದ ಭಯ. ಇದಕ್ಕೆ ಪರಿಹಾರವೇನು?

ಉತ್ತರ: ಪೂರ್ಣ ಪರಿಹಾರವಿಲ್ಲ, ಅದೇ ಜಲಾಶಯದಿಂದ ಎರಡು ವಿರುದ್ಧ ಕೆಲಸಗಳನ್ನು ನಿರೀಕ್ಷಿಸುತ್ತಿದ್ದೇವೆ. ಆದರೆ ಬಿಕ್ಕಟ್ಟನ್ನು ಸಡಿಲಿಸಬಹುದು. ಅನೇಕ ಜಲಾಶಯಗಳಲ್ಲಿ ಇಂಥ ತಿಂಗಳಲ್ಲಿ ಇಷ್ಟು ಮಟ್ಟವೆಂದು ಕ್ಯಾಲೆಂಡರ್ ಪ್ರಕಾರ ನಿಗದಿಯಾಗಿರುತ್ತದೆ, ಆಕಾಶದಲ್ಲಿ ಮೋಡವಿದೆಯೋ ಇಲ್ಲವೋ ಎಂಬುದನ್ನು ಆ ನಿಯಮ ಕೇಳುವುದಿಲ್ಲ. ಕ್ಯಾಲಿಫೋರ್ನಿಯಾದ ಮೆಂಡೊಸಿನೊ ಜಲಾಶಯದಲ್ಲಿ 2012ರ ಕೊನೆಗೆ ತುಂಬಿಬಂದ ನೀರನ್ನು ನಿಯಮದಂತೆ ಹೊರಬಿಟ್ಟರು, ಮುಂದಿನ ವರ್ಷ ಮಳೆಯೇ ಬರದೆ ತೊಂದರೆಗೊಳಗಾದರು. ಆಮೇಲೆ ಅಲ್ಲಿ ಹವಾಮಾನ ಮುನ್ಸೂಚನೆಯನ್ನು ನೋಡಿ ನೀರು ಬಿಡುವ ಪದ್ಧತಿಯನ್ನು ಪ್ರಯೋಗಿಸಿ, ಸುರಕ್ಷತೆಗೆ ಧಕ್ಕೆಯಾಗದಂತೆ ಹೆಚ್ಚು ನೀರನ್ನು ಉಳಿಸಿಕೊಂಡಿದ್ದಾರೆ. ಮುನ್ಸೂಚನೆ ಎಷ್ಟು ದಿನ ಮುಂಚಿತವಾಗಿ ವಿಶ್ವಾಸಾರ್ಹವಾಗಿರುತ್ತದೆ, ಕೆಳಗಿನ ನದಿಪಾತ್ರ ದಿನಕ್ಕೆಷ್ಟು ನೀರನ್ನು ಅಪಾಯವಿಲ್ಲದೆ ಸಾಗಿಸಬಲ್ಲದು ಎಂಬ ಎರಡು ಪ್ರಶ್ನೆಗಳ ಮೇಲೆ ಈ ಪದ್ಧತಿಯ ಯಶಸ್ಸು ನಿಂತಿದೆ. ಪಾತ್ರವನ್ನೇ ಒತ್ತುವರಿ ಮಾಡಿದ್ದರೆ ಒಳ್ಳೆಯ ಮುನ್ಸೂಚನೆಯೂ ಅಷ್ಟಾಗಿ ನೆರವಾಗದು.

ಪ್ರಶ್ನೆ: ಮಳೆನೀರನ್ನು ಹೀರಿ ನೆಲಕ್ಕೆ ಇಂಗಿಸುವಂತೆ ರೂಪಿಸಿದ ‘ಸ್ಪಂಜು ನಗರ’ಗಳಿಂದ ನೆರೆ ನಿಲ್ಲುತ್ತದೆಯೇ?

ಉತ್ತರ: ಸಾಧಾರಣ ಮಳೆಯ ನೀರು ನಿಲ್ಲುವುದು ತಪ್ಪುತ್ತದೆ, ಅಂತರ್ಜಲಕ್ಕೂ ಅನುಕೂಲವಾಗುತ್ತದೆ. ಮಹಾಮಳೆಗೆ ಅದೊಂದೇ ಸಾಲದು. ಸ್ಪಂಜು ನಗರದ ಕಾಮಗಾರಿಗಳಿಗೆ ಬಹಳ ಹಣ ಸುರಿದಿದ್ದ ಚೀನಾದ ಝೆಂಗ್‌ಝೌ ನಗರದಲ್ಲಿ 2021ರ ಜುಲೈ 20ರಂದು ಒಂದೇ ಗಂಟೆಯಲ್ಲಿ 201.9 ಮಿಲಿಮೀಟರ್ ಮಳೆ ಸುರಿದಾಗ ಮೆಟ್ರೊ ಸುರಂಗಕ್ಕೇ ನೀರು ನುಗ್ಗಿತು. ಅಂಥ ಮಳೆಗೆ ಬೇಕಾದದ್ದು ಹೆಚ್ಚುವರಿ ನೀರು ಹರಿಯಲು ಮೊದಲೇ ಗೊತ್ತುಮಾಡಿದ ದಾರಿ, ನಿಲ್ಲಲು ಗೊತ್ತುಮಾಡಿದ ಜಾಗ. 2011ರ ಮೇಘಸ್ಫೋಟದ ಬಳಿಕ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ ಈ ದಿಕ್ಕಿನಲ್ಲಿ ಯೋಚಿಸಿತು; ಅಲ್ಲಿನ ಒಂದು ಉದ್ಯಾನವನ್ನು 20 ಸಾವಿರ ಘನ ಮೀಟರಿಗೂ ಹೆಚ್ಚು ಮಳೆನೀರು ನಿಲ್ಲುವಂತೆ ಮಾರ್ಪಡಿಸಿದ್ದಾರೆ. ಉಳಿದ ದಿನಗಳಲ್ಲಿ ಅದು ಎಂದಿನಂತೆ ಉದ್ಯಾನವೇ.

ಪ್ರಶ್ನೆ: ಸಮುದ್ರ ತೀರದ ಬಾವಿಗಳ ನೀರು ಉಪ್ಪಾಗುತ್ತಿದೆ. ಸಮುದ್ರಮಟ್ಟ ಏರುತ್ತಿರುವುದೇ ಕಾರಣವೇ?

ಉತ್ತರ: ಅದೂ ಒಂದು ಕಾರಣ, ಆದರೆ ಹಲವೆಡೆ ಅದಕ್ಕಿಂತ ದೊಡ್ಡ ಕಾರಣ ಅತಿಯಾಗಿ ನೀರೆತ್ತುವುದು. ಸಿಹಿನೀರು ಹಗುರವಾದ್ದರಿಂದ ಉಪ್ಪುನೀರಿನ ಮೇಲೆ ತೇಲುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಮೇಲೆ ಅಂತರ್ಜಲವಿದ್ದರೆ, ಸ್ಥೂಲ ಲೆಕ್ಕದಲ್ಲಿ, ಸಮುದ್ರಮಟ್ಟದ ಕೆಳಗೆ 40 ಮೀಟರ್‌ವರೆಗೆ ಸಿಹಿನೀರು ಇರುತ್ತದೆ. ಇದರ ಮತ್ತೊಂದು ಮುಖವೆಂದರೆ, ಆ ಮಟ್ಟವನ್ನು ಅರ್ಧ ಮೀಟರ್ ಇಳಿಸಿದರೆ ಕೆಳಗಿನ ಉಪ್ಪುನೀರು ನಿಧಾನವಾಗಿ 20 ಮೀಟರ್ ಮೇಲೇರಲು ಹೊರಡುತ್ತದೆ. ಆದ್ದರಿಂದ ತೀರದಲ್ಲಿ ಬಾವಿಯನ್ನು ಇನ್ನಷ್ಟು ಆಳ ಮಾಡುವುದು ಉಪ್ಪನ್ನು ಹುಡುಕಿಕೊಂಡು ಹೋದಂತೆ. ನೀರೆತ್ತುವುದನ್ನು ಹಂಚಿ ಕಡಿಮೆ ಮಾಡುವುದು, ಮಳೆನೀರನ್ನು ಇಂಗಿಸುವುದು ಇವೇ ಮೊದಲ ಹೆಜ್ಜೆಗಳು. ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿ ಕೊಳಚೆ ನೀರನ್ನು ಉನ್ನತ ಮಟ್ಟಕ್ಕೆ ಶುದ್ಧೀಕರಿಸಿ, ತೀರದ ಸಮೀಪ ಭೂಮಿಯೊಳಗೆ ಇಳಿಸಿ ಉಪ್ಪುನೀರಿಗೆ ತಡೆಯೊಡ್ಡುವ ಕೆಲಸ 1970ರ ದಶಕದಿಂದ ನಡೆಯುತ್ತಿದೆ; ದುಬಾರಿಯಾದರೂ ಕೆಲಸ ಮಾಡುವ ಉಪಾಯವಿದು.

ಪ್ರಶ್ನೆ: ನೆರೆಯ ನೀರು ಬಾವಿಗೆ ನುಗ್ಗಿದೆ. ಕುದಿಸಿ ಕುಡಿದರೆ ಸಾಕೇ?

ಉತ್ತರ: ರೋಗಾಣುಗಳ ಮಟ್ಟಿಗೆ ಸಾಕು: ನೀರು ಚೆನ್ನಾಗಿ ಕೊತಕೊತನೆ ಕುದಿಯತೊಡಗಿದ ಮೇಲೆ ಪೂರ್ತಿ ಒಂದು ನಿಮಿಷ, 2,000 ಮೀಟರಿಗಿಂತ ಎತ್ತರದ ಪ್ರದೇಶವಾದರೆ ಮೂರು ನಿಮಿಷ ಕುದಿಸಬೇಕು. ಕೀಟನಾಶಕ, ಡೀಸೆಲ್, ಕಾರ್ಖಾನೆಯ ತ್ಯಾಜ್ಯ ಬೆರೆತಿದ್ದರೆ ಕುದಿಸುವುದರಿಂದ ಅವು ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದದ್ದರಲ್ಲಿ ಕೆಲವು ರಾಸಾಯನಿಕಗಳ ಸಾಂದ್ರತೆ ಹೆಚ್ಚುತ್ತದೆ. ವಾಸನೆ ಅಥವಾ ಎಣ್ಣೆಯ ಪಸೆ ಕಂಡರೆ ಆ ನೀರನ್ನು ಅಡುಗೆಗೂ ಬಳಸಬೇಡಿ. ಸುತ್ತಲಿನ ನೆರೆ ಇಳಿದ ಮೇಲೆ ಬಾವಿಯ ಹೂಳು ತೆಗೆಸಿ, ನೀರನ್ನು ಖಾಲಿ ಮಾಡಿಸಿ, ಆರೋಗ್ಯ ಇಲಾಖೆಯವರು ಹೇಳುವ ಪ್ರಮಾಣದಲ್ಲಿ ಕ್ಲೋರಿನ್ ಹಾಕಿಸಿ, ಪ್ರಯೋಗಾಲಯದಲ್ಲಿ ಪರೀಕ್ಷಿಸಿಕೊಳ್ಳಿ. ಪಕ್ಕದಲ್ಲಿ ಶೌಚಗುಂಡಿಯಿದ್ದರೆ ಕೆಲವು ವಾರಗಳ ಬಳಿಕ ಇನ್ನೊಮ್ಮೆ ಪರೀಕ್ಷೆ ಮಾಡಿಸುವುದು ಅಗತ್ಯ, ಏಕೆಂದರೆ ನೆನೆದ ಮಣ್ಣಿನ ಮೂಲಕ ಮಾಲಿನ್ಯ ತಡವಾಗಿಯೂ ಬಾವಿಯನ್ನು ಸೇರಬಹುದು.