ಹಾಲಿವುಡ್ ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ ಅವರ ‘ಡ್ರಾಕುಲಾ’ ಸಿನಿಮಾವನ್ನು ಕೆಲವರು ಹೊಗಳ್ತಾರೆ, ಕೆಲವರು ಬರೀ ಥಳಕು ಅಂತಾರೆ. ಕಾದಂಬರಿ ಓದಿದವರು ನೋಡಬಹುದಾ?

ನೋಡ್ರಿ. ಆದರೆ ಕಾದಂಬರಿಯ ಜೊತೆ ತಾಳೆ ಹಾಕುತ್ತ ಕೂತರೆ ಅರ್ಧಕ್ಕೇ ಸಿಟ್ಟು ಬರುತ್ತದೆ.

1992ರ ಈ ಚಿತ್ರ ತನ್ನ ಹೆಸರಿಗೇ ಕಾದಂಬರಿಕಾರ ಬ್ರಾಮ್ ಸ್ಟೋಕರ್ ಹೆಸರು ಅಂಟಿಸಿಕೊಂಡು ಬಂತು. ಆದರೆ 1897ರ ಆ ಕಾದಂಬರಿಯಲ್ಲಿ ರಕ್ತ ಹೀರುವ ಡ್ರಾಕುಲಾ ನಾಯಕಿ ಮಿನಾಳನ್ನು ಪ್ರೀತಿಸುವುದೇ ಇಲ್ಲ. ಸತ್ತ ಹೆಂಡತಿ ಮತ್ತೆ ಹುಟ್ಟಿ ಬಂದಳು ಅನ್ನೋದೆಲ್ಲ ಸಿನಿಮಾದವರು ಸೇರಿಸಿದ್ದು. ಬೀದರ್‌ನಲ್ಲಿ ನಮ್ಮ ಮನೆಯಲ್ಲಿ ಹಾಕಿದಾಗ ಪಕ್ಕ ಕೂತಿದ್ದ ಕಾಕಾ, “ಇಂವ ಎಲ್ಲೀ ದೆವ್ವನೋ, ಹೆಣ್ತಿ ನೆನಸಿ ಅಳ್ಲಿಕತ್ಯಾನ” ಅಂದುಬಿಟ್ಟರು. ಇಂಗ್ಲಿಷ್ ವಿಮರ್ಶಕರು ಪುಟಗಟ್ಟಲೆ ಬರೆದದ್ದಕ್ಕಿಂತ ಇದು ನನಗೆ ಹಿಡಿಸಿತು.

ಹೊಗಳಿದವರು ಹೊಗಳಿದ್ದು ಕಣ್ಣಿಗೆ ಕಾಣುವುದನ್ನು. ಅಮೆರಿಕದ ವಿಮರ್ಶಕ ರೋಜರ್ ಈಬರ್ಟ್ ಕೂಡ ಕಥೆ ಸಡಿಲ ಅನ್ನುತ್ತಲೇ, ಚಿತ್ರದ ರೂಪಕ್ಕೆ ಮನಸೋತು ನಾಲ್ಕಕ್ಕೆ ಮೂರು ಸ್ಟಾರ್ ಕೊಟ್ಟರು. ನಮ್ಮೂರ ಬಿದರಿ ಸುರಾಹಿಯ ಬೆಳ್ಳಿ ಕೆಲಸಕ್ಕೆ ಬೆರಗಾಗಿ, ಅದರಲ್ಲಿ ನೀರು ನಿಲ್ಲುತ್ತದೋ ಇಲ್ಲವೋ ಕೇಳದ ಹಾಗೆ. ನಾನೂ ಅದೇ ಪಂಗಡದವನು.

ಕೋಟೆಯ ದೃಶ್ಯ ಗಮನವಿಟ್ಟು ನೋಡ್ರಿ. ಮುದುಕ ಡ್ರಾಕುಲಾ, ಮಿನಾಳನ್ನು ಮದುವೆಯಾಗಬೇಕಿರುವ ಹಾರ್ಕರ್ ಜೊತೆ ಸಭ್ಯನಂತೆ ಮಾತಾಡುತ್ತಿರುತ್ತಾನೆ, ಗೋಡೆಯ ಮೇಲಿನ ಅವನ ನೆರಳು ಮಾತ್ರ ತನ್ನಷ್ಟಕ್ಕೆ ತಾನೇ ಹಾರ್ಕರ್‌ನ ಕುತ್ತಿಗೆಗೆ ಕೈ ಚಾಚುತ್ತದೆ. ಕಂಪ್ಯೂಟರ್ ಕೈಚಳಕ ಅಲ್ಲ ಇದು. ಹಳೇ ಕಾಲದ ಹಾಗೆ ಕ್ಯಾಮೆರಾ ಮುಂದೆಯೇ ಎಲ್ಲ ಆಗಬೇಕು ಅಂತ ಹಟ ಹಿಡಿದ ಕೊಪ್ಪೊಲಾ, ಒಪ್ಪದ ತಂತ್ರಜ್ಞರನ್ನು ಬಿಟ್ಟು ಮಗ ರೋಮನ್‌ಗೆ ಆ ಕೆಲಸ ವಹಿಸಿದರು. ಐಕೊ ಇಶಿಯೋಕಾ ಅವರ ಉಡುಪುಗಳಂತೂ ಸರಿಯೇ ಸರಿ: ಚರ್ಮ ಸುಲಿದ ಮೈಯ ಸ್ನಾಯುಗಳಂತೆ ಕಾಣುವ ಆ ಕೆಂಪು ಕವಚ ಒಂದೇ ಸಾಕು. ಉಡುಪು, ಮೇಕಪ್, ಧ್ವನಿ ಪರಿಣಾಮಗಳ ಸಂಕಲನ ಹೀಗೆ ಮೂರು ಆಸ್ಕರ್ ಬಂದವು. ಮೂರೂ ಕುಶಲಕರ್ಮಿಗಳಿಗೇ, ಕಥೆಗಲ್ಲ.

ನಟನೆ? ಡ್ರಾಕುಲಾ ಆಗಿರುವ ಗ್ಯಾರಿ ಓಲ್ಡ್‌ಮನ್ ಚಿತ್ರವನ್ನು ಹೆಗಲ ಮೇಲೆ ಹೊತ್ತಿದ್ದಾನೆ. ಹಾರ್ಕರ್ ಆಗಿರುವ ಕಿಯಾನು ರೀವ್ಸ್‌ನ ಬ್ರಿಟಿಷ್ ಉಚ್ಚಾರಣೆಯನ್ನು ಜನ ಇವತ್ತಿಗೂ ಆಡಿಕೊಳ್ತಾರೆ, ತಪ್ಪೇನಿಲ್ಲ.

ಕಾದಂಬರಿಗೆ ಹತ್ತಿರದ್ದೇ ಬೇಕು ಅಂದರೆ 1977ರಲ್ಲಿ ಬಿಬಿಸಿ ಮಾಡಿದ್ದು ಹುಡುಕ್ರಿ, ಲೂಯಿ ಜೋರ್ಡಾನ್ ಡ್ರಾಕುಲಾ ಆಗಿರುವುದು. ಕೊಪ್ಪೊಲಾದ್ದನ್ನು ಮಾತ್ರ ಹಗಲು ಹೊತ್ತು ಮೊಬೈಲ್‌ನಲ್ಲಿ ನೋಡಬೇಡ್ರಿ, ಆ ನೆರಳೇ ಕಾಣೋದಿಲ್ಲ.