ಅಸಲು ಬಂದ ಮೇಲೆ ಉಳಿದದ್ದು ಪುಕ್ಕಟೆಯಾ?

ಓದುಗರ ಪತ್ರ: ಐದು ಕಂಪನಿಗಳ ಷೇರಿಗೆ ಸಮನಾಗಿ ದುಡ್ಡು ಹಾಕಿದ್ದೆ. ವರ್ಷದೊಳಗೆ ಒಂದು ನಾಲ್ಕು ಪಟ್ಟಾಗಿದೆ, ಮಿಕ್ಕವು ಇದ್ದಲ್ಲೇ ಇವೆ. ‘ಅಸಲು ತೆಗೆದುಬಿಡು, ಆಮೇಲೆ ಇರೋದೆಲ್ಲ ಪುಕ್ಕಟೆ’ ಅಂತಾನೆ ಗೆಳೆಯ. ಮಾರಲಾ? ಅಥವಾ ಸ್ಟಾಪ್‌ಲಾಸ್ (ಬೆಲೆ ಇಂತಿಷ್ಟಕ್ಕೆ ಇಳಿದರೆ ತಾನಾಗಿ ಮಾರುವ ಆದೇಶ) ಹಾಕಿ ಸುಮ್ಮನಿರಲಾ?

ಸಂಪಾದಕರ ಉತ್ತರ: ನಿಮ್ಮ ಗೆಳೆಯರ ಮಾತು ಕೇಳೋಕೆ ಚೆನ್ನಾಗಿದೆ. ಆದರೆ ಆ ‘ಪುಕ್ಕಟೆ’ಯನ್ನು ನಾನು ಒಪ್ಪುವುದಿಲ್ಲ. ಅಸಲು ತೆಗೆದ ಮೇಲೆ ಉಳಿಯುವ ಮುಕ್ಕಾಲು ಭಾಗವೂ ನಿಮ್ಮ ದುಡ್ಡೇ. ನೀವು ಎಷ್ಟಕ್ಕೆ ಕೊಂಡಿರಿ ಅನ್ನೋದು ಮಾರುಕಟ್ಟೆಗೆ ಬೇಕಾಗಿಲ್ಲ. ಬೇಕಾಗಿರುವುದು ನಿಮಗೆ, ಮತ್ತೆ ತೆರಿಗೆ ಇಲಾಖೆಗೆ.

ಕೊಂಡ ಬೆಲೆ ಬದಿಗಿಡಿ, ಪಾಲು ನೋಡಿ. ಮೊದಲು ಈ ಷೇರು ನಿಮ್ಮ ಹೂಡಿಕೆಯ ಐದನೇ ಒಂದು ಭಾಗ. ಈಗ ಅದೊಂದೇ ಅರ್ಧ. ಅದು ಶೇ. 40 ಕುಸಿದರೆ ಒಟ್ಟು ಹಣದಲ್ಲಿ ಶೇ. 20 ಹೋಯಿತು. ಒಂದೇ ಕಂಪನಿ ಮೇಲೆ ಇಷ್ಟು ಭಾರ ಹಾಕಬೇಕು ಅಂತ ನೀವು ತೀರ್ಮಾನಿಸಿದ್ದೇ ಇಲ್ಲ, ಅಲ್ವಾ?

ಹಾಗಂತ ಪೂರ್ತಿ ಮಾರಿ ಎನ್ನುವುದಿಲ್ಲ. ಏರಿದ್ದನ್ನು ಬೇಗ ಮಾರಿ, ಬಿದ್ದದ್ದನ್ನು ಇಟ್ಟುಕೊಂಡು ಕೂರುವುದು ಹೂಡಿಕೆದಾರರ ಹಳೇ ಚಾಳಿ. ಹಣಕಾಸು ಸಂಶೋಧಕ ಟೆರೆನ್ಸ್ ಓಡೀನ್ ಅಮೆರಿಕದ 10,000 ಷೇರು ಖಾತೆಗಳನ್ನು ಜಾಲಾಡಿ 1998ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಜನ ಲಾಭಕ್ಕೆ ಮಾರಿದ ಷೇರುಗಳೇ ಮುಂದಿನ ಒಂದು ವರ್ಷ, ಅವರು ಉಳಿಸಿಕೊಂಡ ನಷ್ಟದ ಷೇರುಗಳಿಗಿಂತ ಸರಾಸರಿಯಲ್ಲಿ ಚೆನ್ನಾಗಿ ಓಡಿದ್ದವು.

ಆದರೆ ನೆಟ್‌ವರ್ಕ್ ಉಪಕರಣ ಮಾಡುವ ಅಮೆರಿಕದ ಕಂಪನಿ ಸಿಸ್ಕೋ ನೋಡಿ. 2000ದ ಮಾರ್ಚ್‌ನಲ್ಲಿ 80 ಡಾಲರ್ ಆಸುಪಾಸಿನಲ್ಲಿದ್ದ ಷೇರು 2002ರ ಅಕ್ಟೋಬರ್‌ನಲ್ಲಿ 10 ಡಾಲರ್‌ಗಿಂತ ಕೆಳಗಿತ್ತು. ಕಂಪನಿಯೇನೂ ಮುಳುಗಿರಲಿಲ್ಲ. ಬೆಲೆ ಮಾತ್ರ ಲಾಭವನ್ನು ಬಿಟ್ಟು ಎಲ್ಲಿಗೋ ಓಡಿತ್ತು.

ಆದ್ದರಿಂದ ನಿಮ್ಮ ಕಂಪನಿಯ ತ್ರೈಮಾಸಿಕ ಫಲಿತಾಂಶ ತೆಗೆದು ನೋಡಿ. ಬೆಲೆಯ ಜೊತೆ ಲಾಭವೂ ಏರಿದೆಯಾ, ಬರೀ ಪಿಇ (ಷೇರಿನ ಬೆಲೆ ಪ್ರತಿ ಷೇರಿನ ವಾರ್ಷಿಕ ಲಾಭದ ಎಷ್ಟು ಪಟ್ಟು ಅನ್ನೋ ಲೆಕ್ಕ) ಉಬ್ಬಿದೆಯಾ? ಲಾಭವೂ ಏರಿದ್ದರೆ ಆತುರ ಬೇಡ. ಆದರೂ ಒಂದು ಷೇರು ಒಟ್ಟಿನ ಕಾಲು ಭಾಗ ದಾಟಬಾರದು ಅನ್ನೋದು ನನ್ನ ಲೆಕ್ಕ. ಕೆಲವರಿಗೆ ಇದೂ ಜಾಸ್ತಿಯೇ. ನಿಮ್ಮದನ್ನು ಅರ್ಧದಿಂದ ಕಾಲಿಗೆ ಇಳಿಸಲು, ಇರುವ ಷೇರುಗಳಲ್ಲಿ ಅರ್ಧ ಮಾರಿ ಆ ಹಣವನ್ನು ಬೇರೆ ಕಡೆ ಹಾಕಬೇಕು. ಒಂದೇ ದಿನ ಬೇಡ, ಎರಡು ಮೂರು ಕಂತಿನಲ್ಲಿ ಮಾರಿ. ಬರೀ ಪಿಇ ಉಬ್ಬಿದ್ದರೆ ಇನ್ನಷ್ಟು ಇಳಿಸಿ.

ಸ್ಟಾಪ್‌ಲಾಸ್ ಇರಲಿ, ಆದರೆ ಅದನ್ನೇ ನಂಬಿ ಕೂರಬೇಡಿ. ರಾತ್ರಿ ಕೆಟ್ಟ ಸುದ್ದಿ ಬಂದರೆ ಬೆಳಿಗ್ಗೆ ಷೇರು ನಿಮ್ಮ ಬೆಲೆಯನ್ನು ಮುಟ್ಟದೆ ನೇರ ಅದರ ಕೆಳಗೇ ತೆರೆಯಬಹುದು. ಆಗ ಸಿಗುವುದು ಆ ಹೊತ್ತಿನ ಬೆಲೆ, ನೀವು ಬರೆದಿಟ್ಟದ್ದಲ್ಲ.